ಹುಷಾರಪ್ಪನ ಮೇನ್ ಸ್ವಿಚ್ಚು

ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಒಂದಿರುತ್ತದೆ, ಬೀದಿಯವರು ಇಟ್ಟ ಹೆಸರು ಇನ್ನೊಂದಿರುತ್ತದೆ. ಮೊದಲನೆಯದು ಕಾಗದಪತ್ರಕ್ಕೆ, ಎರಡನೆಯದು ಬದುಕಿಗೆ. ನಮ್ಮ ಕಥಾನಾಯಕನಿಗೆ ಬೀದಿ ಇಟ್ಟ ಹೆಸರು ಹುಷಾರಪ್ಪ. ಯಾರೊಂದಿಗೆ ಏನೇ ಮಾತಾಡಲಿ, ಕೊನೆಗೆ “ಹುಷಾರಪ್ಪಾ” ಎನ್ನದೆ ಕಳಿಸಿದವನಲ್ಲ. ದೂರದ ಪ್ರಯಾಣಕ್ಕೆ ಹೊರಟವರಿಗೂ ಅದೇ ಮಾತು, ಮೂಲೆ ಅಂಗಡಿಗೆ ಸೋಪು ತರಲು ಹೊರಟವರಿಗೂ ಅದೇ ಮಾತು. ಒಮ್ಮೆ ಮಲಗಲು ಹೊರಟಿದ್ದ ಎದುರುಮನೆಯ ಪೋಸ್ಟ್‌ಮ್ಯಾನಿಗೂ ಹಾಗೇ ಹೇಳಿದ್ದಕ್ಕೆ, ಆತ ಬೆಳಗಿನ ತನಕ ಮಂಚದ ಕಾಲು ನೋಡುತ್ತ ಕೂತಿದ್ದನಂತೆ.

ಹುಷಾರಪ್ಪನ ಕಸುಬೂ ಹಾಗೆಯೇ. ಅವನು ಎಚ್ಚರಿಕೆಯ ಬೋರ್ಡು ಬರೆಯುವವನು. ಕಾರ್ಖಾನೆ, ಆಸ್ಪತ್ರೆ, ಈಜುಕೊಳ, ಪೆಟ್ರೋಲ್ ಬಂಕು, ಎಲ್ಲಿ ‘ಅಪಾಯ’, ‘ನೆಲ ಜಾರುತ್ತದೆ’, ‘ಮುಟ್ಟಬೇಡಿ’ ಎಂದು ಕೆಂಪಕ್ಷರ ಕಂಡರೂ ಅದು ಹೆಚ್ಚಾಗಿ ಅವನ ಕೈಬರಹ. ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಮೂಳೆ, ಈ ಚಿತ್ರದಲ್ಲಿ ಅವನನ್ನು ಮೀರಿಸಿದವರಿಲ್ಲ. ಲೋಕದ ಅಪಾಯಗಳನ್ನೆಲ್ಲ ಕೈಯಾರೆ ಬರೆದು ಒಣಗಿಸಿದವನಿಗೆ ಅವುಗಳಲ್ಲಿ ಒಂದೂ ತನ್ನ ಹತ್ತಿರ ಸುಳಿಯುವುದಿಲ್ಲ ಎಂಬ ಧೈರ್ಯ ತಾನಾಗಿಯೇ ಬಂದುಬಿಟ್ಟಿತ್ತು. ಬೇರೆಯವರಿಗೆ ಬುದ್ಧಿ ಹೇಳಿ ಹೇಳಿ ತಾನೇ ಬುದ್ಧಿವಂತನಾದೆ ಎಂದುಕೊಳ್ಳುವುದು ಅವನೊಬ್ಬನ ಕಾಯಿಲೆಯೇನಲ್ಲ. ಈ ಕಥೆ ಹೇಳುತ್ತಿರುವವರಿಗೂ ಅದರ ಸೋಂಕು ಸ್ವಲ್ಪ ಇದೆ.

ಅವನ ಮನೆ ಬೀದಿಗಿಂತ ಕೆಳಗಿತ್ತು. ಕಟ್ಟಿಸಿದಾಗ ಹಾಗಿರಲಿಲ್ಲ. ಬೀದಿಗೆ ಡಾಂಬರು ಹಾಕುವವರು ಪ್ರತಿ ಸಲವೂ ಹಳೆಯದರ ಮೇಲೆ ಹೊಸದನ್ನು ಹಾಕುತ್ತ ಹೋದದ್ದರಿಂದ ಬೀದಿ ಬೆಳೆಯಿತು, ಮನೆ ನಿಂತಲ್ಲೇ ನಿಂತಿತು. ಈಗ ಗೇಟು ತೆಗೆದು ಮೂರು ಮೆಟ್ಟಿಲು ಇಳಿದರೆ ಅಂಗಳ, ಆಮೇಲೆ ಬಾಗಿಲು. ಮಹಡಿಯಲ್ಲಿ ಬಾಡಿಗೆಗಿದ್ದವರು ಒಬ್ಬ ಟೀಚರು. ಅವರ ಮೆಟ್ಟಿಲು ಗೇಟಿನ ಪಕ್ಕದಲ್ಲಿ ನೇರ ಬೀದಿಯಿಂದಲೇ ಹತ್ತುತ್ತಿತ್ತು. ಆ ಮೆಟ್ಟಿಲಿನ ಅಡಿಯಲ್ಲಿ, ಅಂಗಳದ ಕಡೆಗೆ, ಗೋಡೆಗೆ ಎರಡು ಕಬ್ಬಿಣದ ಡಬ್ಬ. ಒಂದು ಮಹಡಿಯ ಮೇನ್ ಸ್ವಿಚ್ಚು, ಒಂದು ಕೆಳಗಿನ ಮನೆಯದು. ಎರಡಕ್ಕೂ ಒಂದೇ ಬಣ್ಣ, ಒಂದೇ ಹಿಡಿ, ಒಂದೇ ತುಕ್ಕು.

ಟೀಚರು ಬಾಡಿಗೆಗೆ ಬಂದ ದಿನದಿಂದಲೂ ಕೇಳುತ್ತಿದ್ದರು. “ನೀವು ಊರಿಗೆಲ್ಲ ಬೋರ್ಡು ಬರೀತೀರಿ. ಈ ಎರಡು ಡಬ್ಬದ ಮೇಲೆ ‘ಮೇಲೆ’, ‘ಕೆಳಗೆ’ ಅಂತ ಎರಡು ಪದ ಬರೆದುಬಿಡಿ.” ಹುಷಾರಪ್ಪ ಪ್ರತಿ ಸಲವೂ ನಾಳೆ ಬರೆಯುತ್ತೇನೆ ಎನ್ನುತ್ತಿದ್ದ. ಕೂಲಿ ಕೊಡುವವರ ಬೋರ್ಡೇ ಸಾಲುಗಟ್ಟಿ ನಿಂತಿರುವಾಗ ಮನೆಯ ಬೋರ್ಡಿನ ಪಾಳಿ ಎಲ್ಲಿ ಬರಬೇಕು? ಅದೂ ಅಲ್ಲದೆ ಯಾವುದು ಯಾವುದೆಂದು ತನಗೆ ಗೊತ್ತಿತ್ತಲ್ಲ. ಬಲಗಡೆಯದು ನಮ್ಮದು. ಅಥವಾ ಎಡಗಡೆಯದು.

ಇಡೀ ರಾತ್ರಿ ಸುರಿದ ಮಳೆಗೆ ಬೀದಿ ತುದಿಯ ದೊಡ್ಡ ಮೋರಿ ಕಟ್ಟಿಕೊಂಡು, ಬೆಳಗ್ಗೆ ನೀರೆಲ್ಲ ಬೀದಿಗೆ ಉಕ್ಕಿತು. ಮೋರಿಯ ನೀರಿಗೆ ಎಲ್ಲಿ ತಗ್ಗಿದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೇಟಿನ ಅಡಿಯಿಂದ ನುಸುಳಿ, ಮೂರು ಮೆಟ್ಟಿಲು ಇಳಿದು, ಕರೆಯದ ನೆಂಟನ ಹಾಗೆ ಹೊಸ್ತಿಲ ಬಳಿ ನಿಂತಿತು. ಆಗ ಹುಷಾರಪ್ಪ ಕಾಫಿ ಕುಡಿಯುತ್ತಿದ್ದ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಳು. ಅವರ ಮನೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದರು.

ಆ ಗಳಿಗೆಯಲ್ಲಿ ಹುಷಾರಪ್ಪ ನಿಜಕ್ಕೂ ಚೆನ್ನಾಗಿ ನಡೆದುಕೊಂಡ, ಇಲ್ಲವೆಂದರೆ ಅನ್ಯಾಯವಾದೀತು. ಸಾಮಾನಿಗೆ ಕೈ ಹಾಕಬೇಡಿ, ಮೊದಲು ಮಹಡಿ ಹತ್ತಿ ಎಂದು ಇಬ್ಬರನ್ನೂ ಹೊರಡಿಸಿದ. ಗ್ಯಾಸ್ ಸಿಲಿಂಡರು ಮುಚ್ಚಿದ. ಅತ್ತೆಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದ. ನೀರಿನ್ನೂ ಅಂಗಳವನ್ನು ಪೂರ್ತಿ ಮುಚ್ಚಿರಲಿಲ್ಲ. ಅವನು ಮತ್ತೆ ಇಳಿದು, ಮೆಟ್ಟಿಲಿನ ಅಡಿಯ ಒಣ ಕಲ್ಲಿನ ಮೇಲೆ ನಿಂತು, ಒಂದು ಹಿಡಿಯನ್ನು ಟಪ್ಪೆಂದು ಕೆಳಗೆಳೆದು, ಮೇಲೆ ಬಂದು, ಅಲ್ಲಿ ನೆರೆದಿದ್ದವರೆಲ್ಲರಿಗೂ ಕೇಳುವಂತೆ ಮೇನ್ ಆಫ್ ಮಾಡಿದ್ದೇನೆ ಎಂದು ಘೋಷಿಸಿದ.

ಹೆಂಡತಿ ತಾಯಿಯ ಕಡೆ ತಿರುಗಿದಳು. “ನೋಡಮ್ಮ. ಇಂಥ ಗಾಬರಿಯಲ್ಲೂ ಇವರಿಗೆ ಎಷ್ಟು ಜ್ಞಾಪಕ ನೋಡು.”

ಅತ್ತೆ ತಲೆಯಾಡಿಸಿದರು. ಹುಷಾರಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮದುವೆಯಾದಂದಿನಿಂದ ಅತ್ತೆಯ ಮುಂದೆ ಹೆಂಡತಿ ಅವನನ್ನು ಹೊಗಳಿದ್ದು ಅದೇ ಮೊದಲು. ಮನೆಯೊಳಗೆ ನೀರು ನುಗ್ಗುತ್ತಿರುವಾಗ ಸಂತೋಷಪಡಬಾರದು ಎಂದು ಅವನಿಗೂ ತಿಳಿದಿತ್ತು. ಆದರೆ ಸಂತೋಷವೆಂಬುದು ಹೊತ್ತು ಗೊತ್ತು ನೋಡಿ ಬರುವುದಿಲ್ಲವಲ್ಲ. ಎದುರುಮನೆಯ ಪೋಸ್ಟ್‌ಮ್ಯಾನು ತನ್ನ ಬಾಗಿಲಿನಿಂದಲೇ ಈ ಸುದ್ದಿ ಕೇಳಿ ಬೀದಿಗೆಲ್ಲ ಹಂಚಿದ. ಟಪಾಲು ತಲುಪಿಸಲು ಅವನಿಗೆ ಒಂದು ವಾರ ಬೇಕಾಗುತ್ತಿತ್ತು, ಸುದ್ದಿಗೆ ಅರ್ಧ ಗಂಟೆ ಸಾಕು. ಹುಷಾರಪ್ಪನನ್ನು ನೋಡಿ ಕಲಿಯಬೇಕು ಎಂದು ಬೀದಿಯೆಲ್ಲ ಮಾತಾಡಿಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಮಳೆ ನಿಂತು ಬೀದಿಯ ನೀರು ಹರಿದುಹೋಯಿತು. ಹುಷಾರಪ್ಪನ ಮನೆಯದು ಮಾತ್ರ ಹೋಗಲಿಲ್ಲ. ತಗ್ಗಿನಲ್ಲಿ ಮೊಣಕಾಲುದ್ದ ಕಪ್ಪು ನೀರು ಬೋಗುಣಿಯಲ್ಲಿ ನಿಂತಂತೆ ನಿಂತುಬಿಟ್ಟಿತು. ಎಲ್ಲರೂ ಟೀಚರ ಮನೆಯಲ್ಲಿ ಕೂತಿದ್ದರು. ಬೆಳಗಿನಿಂದ ಅಲ್ಲಿ ಕರೆಂಟಿಲ್ಲ. ಫ್ಯಾನಿಲ್ಲ, ಟೀಚರದೊಂದು ಬಿಟ್ಟು ಎಲ್ಲರ ಫೋನೂ ಒಂದೊಂದಾಗಿ ಸತ್ತಿತ್ತು. ಮಳೆ ಬಂದರೆ ಸಾಕು, ಈ ಕರೆಂಟಿನವರಿಗೆ ಕೈ ತೊಳೆದುಕೊಂಡು ಕೂರಲು ನೆಪ ಸಿಕ್ಕ ಹಾಗೆ ಎಂದು ಹುಷಾರಪ್ಪ ಬೈದ. ಹೌದು ಎಂದು ಹೆಂಡತಿಯೂ ಬೈದಳು. ಬೈಗುಳದಲ್ಲಿ ಗಂಡ ಹೆಂಡತಿ ಒಂದಾಗುವುದು ಸುಖಸಂಸಾರದ ಲಕ್ಷಣ.

ಟೀಚರು ಮಾತ್ರ ಕಿಟಕಿಯ ಹೊರಗೆ ಕಿವಿಗೊಟ್ಟಿದ್ದರು. “ಎದುರುಮನೆ ಟೀವಿ ಕೇಳಿಸ್ತಿದೆಯಲ್ಲ” ಎಂದರು. “ಅಕ್ಕಪಕ್ಕದ ಮನೆಗಳಲ್ಲೂ ದೀಪ ಉರೀತಿದೆ. ನಮ್ಮ ಮನೆಗೆ ಮಾತ್ರ ಯಾಕೆ ಹೋಯ್ತು?”

ಹುಷಾರಪ್ಪ ಗಾಳಿಗೆಂದು ಹೇಳಿ ಮೆಟ್ಟಿಲಿಳಿದು ಬೀದಿಗೆ ಬಂದು, ಗೇಟಿನ ಬಳಿ ನಿಂತು ತನ್ನ ಮನೆಯ ಕಡೆ ನೋಡಿದ. ಬಚ್ಚಲಿನ ಗವಾಕ್ಷಿಯಲ್ಲಿ ಬಲ್ಬು ಉರಿಯುತ್ತಿತ್ತು. ಬೆಳಗ್ಗೆ ಅತ್ತೆ ಹಾಕಿದ್ದು, ಯಾರೂ ಆರಿಸಿರಲಿಲ್ಲ. ಅದರ ಬೆಳಕು ಕೆಳಗಿನ ಕಪ್ಪು ನೀರಿನ ಮೇಲೆ ಸಣ್ಣಗೆ ನಡುಗುತ್ತಿತ್ತು.

ಹುಷಾರಪ್ಪನಿಗೆ ಆಗ ಹೊಳೆಯಿತು. ಆರಿಸಿದ್ದು ಟೀಚರ ಮನೆಯದು. ತನ್ನ ಮನೆಯ ಮೇನು ಹಾಗೇ ಇದೆ, ಡಬ್ಬದ ಕೆಳಗಿನ ಕಲ್ಲೂ ಈಗ ನೀರಿನಡಿ ಹೋಗಿದೆ. ಹೊಲಿಗೆ ಯಂತ್ರಕ್ಕೆಂದು ವೈರು ಎಳೆದು ನೆಲದ ಮೇಲಿಟ್ಟಿದ್ದ ಎಕ್ಸ್‌ಟೆನ್ಷನ್ ಬಾಕ್ಸು ನೀರಿನೊಳಗೇ ಇದೆ. ಆ ನೀರಿಗೆ ಕಾಲಿಟ್ಟವನ ಗತಿ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರ ಚಿತ್ರವನ್ನು, ಅಡ್ಡಡ್ಡ ಮೂಳೆಗಳ ಸಮೇತ, ಅವನು ಎಷ್ಟು ಸಲ ಬರೆದಿರಲಿಲ್ಲ?

ಇಲ್ಲಿಗೆ ಅವನು ಮೆಟ್ಟಿಲು ಹತ್ತಿ ನಿಜ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿಯ ‘ನೋಡಮ್ಮ’ ಇನ್ನೂ ಕಿವಿಯಲ್ಲಿ ಬೆಚ್ಚಗಿತ್ತು. ಹುಷಾರಪ್ಪ ಲೆಕ್ಕ ಹಾಕಿದ. ಈ ನೀರಿಗೆ ಇಳಿಯುವವರು ಯಾರು? ಯಾರೂ ಇಲ್ಲ. ನೀರು ಇಂಗಲಿ, ಅಷ್ಟರಲ್ಲಿ ಗುಟ್ಟಾಗಿ ಕರೆಂಟಿನವರಿಗೆ ಹೇಳಿ ಕಂಬದಲ್ಲೇ ಕತ್ತರಿಸಿದರಾಯಿತು, ಯಾರಿಗೂ ಏನೂ ತಿಳಿಯುವುದಿಲ್ಲ.

ಟೀಚರ ಫೋನಿನಲ್ಲಿ ಉಸಿರು ಸ್ವಲ್ಪ ಉಳಿದಿತ್ತು. ಕೆಲಸದ ಜಾಗಕ್ಕೆ ರಜೆ ಹೇಳಬೇಕೆಂದು ಅದನ್ನು ಇಸಿದುಕೊಂಡು, ಅಡುಗೆಮನೆಯ ಮೂಲೆಯಲ್ಲಿ ನಿಂತು, ಕರೆಂಟಿನ ಆಫೀಸಿಗೆ ಪಿಸುಗುಟ್ಟಿದ.

“ಏನು ಕಂಪ್ಲೇಂಟು?” ಎಂದಿತು ಆ ಕಡೆಯ ದನಿ.

“ನಮ್ಮ ಮನೇಲಿ ಕರೆಂಟಿದೆ” ಎಂದ ಹುಷಾರಪ್ಪ.

“ಇಲ್ವಾ?”

“ಇದೆ. ಅದೇ ಕಂಪ್ಲೇಂಟು.”

ಆ ದನಿ, ಬೆಳಗಿನಿಂದ ಕರೆಂಟಿಲ್ಲ ಎಂದವರಿಗೆ ಉತ್ತರ ಕೊಟ್ಟು ಕೊಟ್ಟು ಗಂಟಲು ಒಣಗಿದೆ, ಇದೆ ಎಂದು ತಮಾಷೆ ಮಾಡಲು ಬೇರೆ ಹೊತ್ತು ಸಿಗಲಿಲ್ಲವೇ ಎಂದು ಕೇಳಿತು. ಹುಷಾರಪ್ಪ ವಿವರಿಸಲು ಹೊರಟ. ಅಷ್ಟರಲ್ಲಿ ಹೆಂಡತಿ ಲೋಟ ತೊಳೆಯಲು ಒಳಗೆ ಬಂದಳು. “ಹಾಗಾದರೆ ನಾಳೆ ಬರ್ತೀನಿ ಸಾರ್” ಎಂದು ಅವನು ಗಟ್ಟಿಯಾಗಿ ಹೇಳಿದ. ಬಂದು ಏನು ಮಾಡುತ್ತೀರಿ ಎಂದು ಆ ದನಿ ಕೇಳುತ್ತಿರುವಾಗಲೇ ಫೋನೂ ಸತ್ತಿತು.

ಅದೇ ಹೊತ್ತಿಗೆ ಭಾವಮೈದುನ ಬಂದ. ಹೆಂಡತಿಯ ತಮ್ಮ, ಅತ್ತೆಯ ಒಬ್ಬನೇ ಮಗ, ಲಾರಿ ಓಡಿಸುವವನು. ಊಟಕ್ಕೆ ಕೂತರೆ ಅವನು ಅಗಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಸದ್ದು ಮಾಡದೆ ತಿನ್ನೋ ಎಂದು ಅತ್ತೆ ಅವನ ಬಾಲ್ಯದಿಂದಲೂ ಬೈಯುತ್ತಲೇ ಬಂದಿದ್ದರು. ಅಕ್ಕನ ಮನೆಗೆ ನೀರು ನುಗ್ಗಿದೆ ಎಂದು ಕೇಳಿ, ಅವನು ಲಾರಿಯನ್ನು ಬೀದಿ ತುದಿಯಲ್ಲಿ ನಿಲ್ಲಿಸಿ, ಎರಡು ಬ್ರೆಡ್ಡು ಹಿಡಿದು ಓಡಿಬಂದಿದ್ದ.

ಬ್ರೆಡ್ಡು ನೋಡಿದ ಅತ್ತೆ ಮುಖ ತಿರುಗಿಸಿದರು. ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಯಾಕೆಂದು ಆಗ ತಿಳಿಯಿತು. ಅವರ ಹಲ್ಲಿನ ಸೆಟ್ಟು ಬಚ್ಚಲಿನ ಗವಾಕ್ಷಿಯಲ್ಲಿ, ಸ್ಟೀಲ್ ಲೋಟದಲ್ಲೇ ಉಳಿದುಬಿಟ್ಟಿತ್ತು. ಹಲ್ಲಿಲ್ಲದೆ ಅವರು ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ತಿಂದವರಲ್ಲ.

“ಅಷ್ಟೇ ತಾನೆ?” ಎಂದು ಭಾವಮೈದುನ ಪ್ಯಾಂಟು ಮಡಿಸತೊಡಗಿದ. “ಹೆಂಗೂ ಭಾವ ಮೇನ್ ಆಫ್ ಮಾಡಿದಾರೆ. ಒಂದು ನಿಮಿಷದಲ್ಲಿ ತರ್ತೀನಮ್ಮ.”

ಹುಷಾರಪ್ಪ ಅವನ ಹಿಂದೆಯೇ ಮೆಟ್ಟಿಲಿಳಿದು, ಗೇಟಿಗೆ ಅಡ್ಡ ನಿಂತ. ನಾಲಗೆ ತುದಿಯಲ್ಲಿ ನಿಜವೇ ಇತ್ತು. ಬಾಯಿಂದ ಬಂದದ್ದು ಬೇರೆ.

“ಬೇಡಪ್ಪ. ಒಳಗೆ ಹಾವಿದೆ.”

ಭಾವಮೈದುನ ನಿಂತ. ಹುಷಾರಪ್ಪ ನಿಟ್ಟುಸಿರು ಬಿಟ್ಟ. ಎದುರು ಬಾಗಿಲಲ್ಲಿದ್ದ ಪೋಸ್ಟ್‌ಮ್ಯಾನಿನ ಕಿವಿ ನೆಟ್ಟಗಾಯಿತು. ಅವನು ಪರೋಪಕಾರಿ. ಸ್ವಲ್ಪ ಹೊತ್ತಿನಲ್ಲೇ ಹಾವು ಹಿಡಿಯುವವನನ್ನು ತನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಹಾವು ಹಿಡಿಯುವವನು ಕೊಕ್ಕೆ, ಚೀಲ ತೆಗೆದು, ಹಾವು ಎಷ್ಟುದ್ದ, ಯಾವ ಬಣ್ಣ ಎಂದು ವಿಚಾರಿಸಿದ. ನೀರಿನ ಬಣ್ಣ ಎಂದ ಹುಷಾರಪ್ಪ. ಹಾಗಾದರೆ ಇಳಿದೇ ನೋಡಬೇಕು ಎಂದು ಆತ ಪಂಚೆ ಎತ್ತಿ ಕಟ್ಟಿದ.

ಒಬ್ಬನನ್ನು ನೀರಿಗಿಳಿಯದಂತೆ ತಡೆಯಲು ಹೋಗಿ ಈಗ ಇಬ್ಬರಾದರು. ಹುಷಾರಪ್ಪ ಇಬ್ಬರಿಗೂ ಕೈ ಅಡ್ಡ ಚಾಚಿ, ಹಾವು ಹಾಗಿರಲಿ, ಇದು ಮೋರಿಯ ನೀರು, ಮುಟ್ಟಿದರೆ ವಾಂತಿಭೇದಿ ಖಂಡಿತ, ನಾನೇ ಆಸ್ಪತ್ರೆಗೆ ಬೋರ್ಡು ಬರೆದಿದ್ದೇನೆ ಎಂದ. ಪೋಸ್ಟ್‌ಮ್ಯಾನು ಮತ್ತೆ ಸೈಕಲ್ಲು ಹತ್ತಿದ. ಈ ಸಲ ಹಿಂದೆ ಕೂತು ಬಂದವರು ಹೆಲ್ತ್ ಇನ್‌ಸ್ಪೆಕ್ಟರು. ಅವರು ಚೀಲದಿಂದ ಸಣ್ಣ ಬಾಟಲಿ ತೆಗೆದರು. ಪರೀಕ್ಷೆಗೆ ನೀರು ಬೇಕು, ಅದನ್ನು ಅಂಚಿನಿಂದ ತೆಗೆಯುವಂತಿಲ್ಲ, ಮನೆಯ ಮಧ್ಯದಿಂದಲೇ ತೆಗೆಯಬೇಕು ಎಂದು ಗಮ್‌ಬೂಟು ಹಾಕಿಕೊಂಡರು. ಬೂಟಿನ ತುದಿಯಲ್ಲಿ ತೂತಿತ್ತು.

ಹುಷಾರಪ್ಪ ಅವರಿಗೂ ಅಡ್ಡ ನಿಂತ. “ಗೋಡೆ ಬಿರುಕು ಬಿಟ್ಟಿದೆ” ಎಂದ. “ಯಾವಾಗ ಬೇಕಾದ್ರೂ ಬೀಳುತ್ತೆ.” ಪೋಸ್ಟ್‌ಮ್ಯಾನು ಮಾತಾಡದೆ ಸೈಕಲ್ಲು ತಿರುಗಿಸಿದ. ಎಂಜಿನಿಯರು ಸೈಕಲ್ಲಿನ ಹಿಂದೆ ಕೂರುವವರಲ್ಲವಾದ್ದರಿಂದ ಜೀಪಿನಲ್ಲಿ ಬಂದರು, ಸೈಕಲ್ಲು ದಾರಿ ತೋರಿಸುತ್ತ ಮುಂದೆ ಬಂತು. ಬಿರುಕನ್ನು ಅಳೆಯದೆ ತಾನೇನೂ ಹೇಳಲಾರೆ ಎಂದು ಅವರು ಟೇಪು ಹೊರತೆಗೆದು, ಷೂಸಿನ ದಾರ ಬಿಚ್ಚಿದರು.

ಹೀಗೆ ಹುಷಾರಪ್ಪ ಹೇಳಿದ ಒಂದೊಂದು ಸುಳ್ಳಿಗೂ ಒಬ್ಬೊಬ್ಬರು ಬಂದು ಗೇಟಿನ ಬಳಿ ಸಾಲಾಗಿ ನಿಂತರು. ಅವರ ಹಿಂದೆ ಬೀದಿಯವರು. ಮೇಲೆ ಮೆಟ್ಟಿಲಿನ ಮೇಲೆ ಅತ್ತೆ, ಹೆಂಡತಿ, ಟೀಚರು. ಒಬ್ಬ ಮನುಷ್ಯ ತನ್ನ ಮರ್ಯಾದೆ ಉಳಿಸಿಕೊಳ್ಳಲು ಎಷ್ಟು ಜನರನ್ನು ಸಾವಿನ ಬಾಗಿಲಿಗೆ ಕರೆತರಬಲ್ಲ ಎನ್ನುವುದಕ್ಕೆ ಆ ದಿನ ಆ ಗೇಟು ಸಾಕ್ಷಿಯಾಗಿತ್ತು.

ಸದ್ಯ ಸರ್ಕಾರಿ ಪದ್ಧತಿಯೊಂದು ಅವನ ನೆರವಿಗೆ ಬಂತು. ಯಾರು ಮೊದಲು ಇಳಿಯಬೇಕು ಎಂಬ ಪ್ರಶ್ನೆ ಎದ್ದಿತು. ನೀರು ಎಂಥದೆಂದು ತಾವು ಹೇಳುವ ತನಕ ಯಾರೂ ಕಾಲಿಡುವಂತಿಲ್ಲ ಎಂದರು ಇನ್‌ಸ್ಪೆಕ್ಟರು. ಗೋಡೆ ನಿಲ್ಲುತ್ತದೆಂದು ತಾವು ಹೇಳದೆ ಇನ್‌ಸ್ಪೆಕ್ಟರೂ ಕಾಲಿಡುವಂತಿಲ್ಲ ಎಂದರು ಎಂಜಿನಿಯರು. ಹಾವಿಗೆ ಈ ಇಬ್ಬರ ಹುದ್ದೆಯೂ ಗೊತ್ತಾಗುವುದಿಲ್ಲ, ಹಾಗಾಗಿ ತಾನೇ ಮೊದಲು ಎಂದ ಹಾವು ಹಿಡಿಯುವವನು. ಇದು ಯಾವ ಇಲಾಖೆಯ ನೀರು ಎಂಬಲ್ಲಿಗೆ ಮಾತು ಬೆಳೆಯಿತು. ಹುಷಾರಪ್ಪ ತನ್ನ ಜೀವಮಾನದಲ್ಲಿ ಮೊದಲ ಸಲ ಇಲಾಖೆಗಳಿಗೆ ಮನಸಾರೆ ಕೈಮುಗಿದ. ಈ ಜಗಳ ಸಂಜೆಯ ತನಕ ನಡೆದರೆ ನೀರು ತಾನಾಗಿಯೇ ಇಂಗೀತು ಎಂದುಕೊಂಡ.

ಆದರೆ ಭಾವಮೈದುನನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನು ತಲೆಯೆತ್ತಿ ತಾಯಿಯ ಕಡೆ ನೋಡಿದ. ಹಸಿದ ಅತ್ತೆ ಮೆಟ್ಟಿಲಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. “ನೀವು ಮಾತಾಡ್ತಿರಿ” ಎಂದು ಅಧಿಕಾರಿಗಳಿಗೆ ಹೇಳಿ, ಅವನು ಭಾವನ ಕೈಯಡಿಯಿಂದ ನುಸುಳಿ ಗೇಟಿನೊಳಗೆ ಹೋದ. ಮೊದಲ ಮೆಟ್ಟಿಲು ಇಳಿದ. ಎರಡನೆಯದು ಇಳಿದ. ಮೂರನೆಯದು ನೀರಿನೊಳಗಿತ್ತು. ಅವನು ಬಲಗಾಲು ಎತ್ತಿದ.

“ಮೇನ್ ಆಫ್ ಆಗಿಲ್ಲ.”

ಹುಷಾರಪ್ಪನ ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. ಅವನು ಎರಡೂ ಕೈಯಲ್ಲಿ ಭಾವಮೈದುನನ ಅಂಗಿಯ ಬೆನ್ನು ಹಿಡಿದಿದ್ದ.

“ನಾನು ಆಫ್ ಮಾಡಿದ್ದು ಟೀಚರ್ ಮನೇದು. ನಮ್ಮನೇಲಿ ಕರೆಂಟಿದೆ. ನೀರಲ್ಲಿದೆ. ಹಾವಿಲ್ಲ, ಏನೂ ಇಲ್ಲ, ಎಲ್ಲ ನಾನೇ ಹೇಳಿದ ಸುಳ್ಳು. ಕಾಲಿಡಬೇಡಪ್ಪ.”

ಕಾಲು ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಒಣ ಮೆಟ್ಟಿಲಿನ ಮೇಲೆ ಊರಿತು. ಭಾವಮೈದುನ ಬಚ್ಚಲಿನ ಗವಾಕ್ಷಿಯ ಕಡೆ ನೋಡಿದ. ಎಲ್ಲರೂ ನೋಡಿದರು. ಮೋಡ ಕವಿದ ಮಧ್ಯಾಹ್ನದಲ್ಲಿ ಬಲ್ಬು ತನ್ನ ಪಾಡಿಗೆ ಉರಿಯುತ್ತಿತ್ತು. ಇಷ್ಟು ಹೊತ್ತೂ ಅದು ಎಲ್ಲರ ಕಣ್ಣೆದುರೇ ಇತ್ತು. ಹುಷಾರಪ್ಪ ಆರಿಸಿದ್ದಾನೆ ಎಂದು ನಂಬಿದ್ದರಿಂದ ಯಾರಿಗೂ ಕಂಡಿರಲಿಲ್ಲ.

ಇಲಾಖೆಗಳು ಒಟ್ಟಾಗಿ ಹಿಂದಕ್ಕೆ ಸರಿದವು, ಆಗ ಯಾರು ಮೊದಲು ಎಂಬ ಪ್ರಶ್ನೆ ಏಳಲಿಲ್ಲ. ಅರ್ಧ ದಿನದ ಕೂಲಿ ಹೋಯಿತೆಂದು ಹಾವು ಹಿಡಿಯುವವನು ಗೊಣಗುತ್ತ ಕೊಕ್ಕೆ ಹೆಗಲಿಗೇರಿಸಿ ಹೊರಟ. ಟೀಚರು ಎರಡು ಡಬ್ಬದ ಕಡೆ ಒಮ್ಮೆ ನೋಡಿದರು, ಹುಷಾರಪ್ಪನ ಕಡೆ ಒಮ್ಮೆ ನೋಡಿದರು, ಅಷ್ಟೇ. ಹೆಂಡತಿ ಅವನನ್ನು ನೋಡಲೇ ಇಲ್ಲ. ತಮ್ಮನ ಕೈ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ಕೂತುಬಿಟ್ಟಳು.

ಭಾವಮೈದುನನ ಫೋನಿನಿಂದ ಎಂಜಿನಿಯರೇ ಕರೆಂಟಿನ ಆಫೀಸಿಗೆ ಮಾತಾಡಿದರು. ಆ ದನಿ ಮತ್ತೆ, ಕರೆಂಟಿದ್ದರೆ ಅದೇನು ಕಂಪ್ಲೇಂಟು ಎಂದೇ ಶುರುಮಾಡಿತಂತೆ. ಎಂಜಿನಿಯರು ತಮ್ಮ ಹುದ್ದೆ ಹೇಳಿದ ಮೇಲೆ ಅದು ಕಂಪ್ಲೇಂಟಾಯಿತು. ಲೈನ್‌ಮನ್ ಏಣಿ ತಂದು ಕಂಬದಲ್ಲೇ ತಂತಿ ಬಿಚ್ಚಿದ. ಗವಾಕ್ಷಿಯ ಬಲ್ಬು ಆರಿತು. ಅವನು ಇಳಿಯುವುದನ್ನೇ ಕಾಯುತ್ತಿದ್ದ ಮೂಲೆಮನೆಯವರು ಹತ್ತಿರ ಬಂದು, ಬಂದಿದ್ದೀಯಲ್ಲ, ನಮ್ಮದನ್ನೂ ಒಮ್ಮೆ ನೋಡಿಬಿಡು ಎಂದು ಮೆಲ್ಲಗೆ ಹೇಳಿದರು. ಅವರ ಹಿಂದೆ ಪಕ್ಕದ ಮನೆಯವರಿದ್ದರು. ಆಮೇಲೆ ಪೋಸ್ಟ್‌ಮ್ಯಾನು, ದನಿ ತಗ್ಗಿಸಿ. ಬೆಳಗ್ಗೆ ಬೀದಿಯಲ್ಲಿ ಎಲ್ಲರೂ ಮೇನ್ ಆಫ್ ಮಾಡಿದ್ದೇವೆ ಎಂದೇ ಹೇಳಿದ್ದರು. ಎಷ್ಟು ಜನ ಮಾಡಿದ್ದರೋ ಲೈನ್‌ಮನ್ನಿಗೆ ಮಾತ್ರ ಗೊತ್ತು, ಅವನು ಯಾರಿಗೂ ಹೇಳಲಿಲ್ಲ.

ನೀರು ಬಂದಷ್ಟು ಸುಲಭವಾಗಿ ಅದು ಬಿಟ್ಟುಹೋದ ಕೆಸರು ಹೋಗುವುದಿಲ್ಲ. ಅಂದು ಸಂಜೆಯೇ ಬಕೆಟ್ಟಿನಲ್ಲಿ ನೀರು ಮೊಗೆದು ಬೀದಿಗೆ ಚೆಲ್ಲಿದರು. ಕೆಸರು ಒಣಗಿದರೆ ಕಲ್ಲಾಗುತ್ತದೆಂದು, ಹಸಿಯಿರುವಾಗಲೇ ಹಲಗೆಯಿಂದ ಬಾಚಿ ಹೊರಗೆ ತಳ್ಳಿದರು. ಹಾಸಿಗೆ, ದಿಂಬು, ಹಿಟ್ಟು, ಬೇಳೆ, ಮೋರಿ ನೀರು ಮುಟ್ಟಿದ್ದೆಲ್ಲ ಹೊರಗೆ ಹೋಯಿತು. ಹಿಟ್ಟಿನ ಡಬ್ಬದಲ್ಲಿ ಮೇಲಿನ ಅರ್ಧ ಒಣಗಿಯೇ ಇದೆಯಲ್ಲ ಎಂದು ಹೆಂಡತಿಗೆ ಆಸೆಯಾಯಿತು. ಇನ್‌ಸ್ಪೆಕ್ಟರು ಬೇಡವೆಂದರು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, ವಾಂತಿಭೇದಿ ಬರುತ್ತದೆಂದು ಹುಷಾರಪ್ಪ ಹೇಳಿದ್ದು ಸರಿಯೇ, ಇದು ಅಪ್ಪಟ ಮೋರಿ ನೀರು, ಕೈಗವಸಿಲ್ಲದೆ ಏನನ್ನೂ ಮುಟ್ಟಬೇಡಿ ಎಂದು ಎಲ್ಲರಿಗೂ ಬ್ಲೀಚಿಂಗ್ ಪೌಡರು ಹಂಚಿದರು. ಎಂಜಿನಿಯರು ಹಿತ್ತಲಿನ ಗೋಡೆಗೆ ಟೇಪು ಹಿಡಿದು, ಬಿರುಕು ಇರುವುದೂ ನಿಜವೇ, ಅತ್ತ ಮಲಗಬೇಡಿ ಎಂದರು. ಮಾರನೆಯ ದಿನ ಹೊಲಿಗೆ ಯಂತ್ರವನ್ನು ಬಿಸಿಲಿಗೆ ಎತ್ತುವಾಗ ಅದರ ಪೆಟ್ಟಿಗೆಯಿಂದ ಬೆರಳುದಪ್ಪದ ನೀರುಹಾವೊಂದು ಹೊರಬಂದು, ಯಾರಿಗೂ ತೊಂದರೆ ಕೊಡದೆ, ಅಂಗಳ ದಾಟಿ ಹೋಯಿತು.

ಹುಷಾರಪ್ಪ ಹಲಗೆ ಹಿಡಿದು ಅದನ್ನೇ ನೋಡುತ್ತ ನಿಂತ. ಅವನು ಹೇಳಿದ ಮೂರು ಸುಳ್ಳೂ ನಿಜವಾಗಿದ್ದವು. ನಿಜವೆಂದು ಹೇಳಿದ ಒಂದೇ ಮಾತು ಸುಳ್ಳಾಗಿತ್ತು. ಇದರಿಂದ ಏನು ತಿಳಿಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಕಥೆ ಹೇಳುವವರಿಗೂ ಸರಿಯಾಗಿ ಹೊಳೆದಿಲ್ಲ.

ಆ ದಿನಗಳಲ್ಲಿ ಎಲ್ಲರಿಗಿಂತ ಹೆಚ್ಚು ಕೆಸರು ಬಾಚಿದವನು ಅವನೇ. ಯಾರಿಗೂ ಹುಷಾರಪ್ಪಾ ಎನ್ನಲಿಲ್ಲ. ಏಣಿ ಹತ್ತಿದ ಪೋಸ್ಟ್‌ಮ್ಯಾನು ಆ ಮಾತಿಗಾಗಿ ಕಾದು, ಬರದಿದ್ದಾಗ ಗಾಬರಿಯಾಗಿ ಇಳಿದುಬಿಟ್ಟ. ಹೆಂಡತಿ ಮಾತು ಬಿಟ್ಟಿದ್ದಳು. ಬೇಕಾದ್ದನ್ನು ತಮ್ಮನಿಗೆ ಹೇಳುತ್ತಿದ್ದಳು, ತಮ್ಮ ಭಾವನಿಗೆ ಹೇಳುತ್ತಿದ್ದ.

ಅತ್ತೆಯದೇ ಇನ್ನೊಂದು ಸಮಸ್ಯೆಯಾಯಿತು. ಹಲ್ಲಿನ ಸೆಟ್ಟು ಲೋಟದಲ್ಲೇ ಭದ್ರವಾಗಿ ಸಿಕ್ಕಿತು, ನೀರು ಗವಾಕ್ಷಿಯ ತನಕ ಏರಿರಲೇ ಇಲ್ಲ. ಆದರೆ ಅವರು ಹಾಕಿಕೊಳ್ಳಲು ಒಪ್ಪಲಿಲ್ಲ. ಹೇಸಿಗೆಯಿರಬಹುದೆಂದು ಮಗಳು ಮತ್ತೆ ಮತ್ತೆ ತೊಳೆದಳು. ಇನ್‌ಸ್ಪೆಕ್ಟರನ್ನು ಕರೆಸಿ ತೋರಿಸಿದರು. ಅವರು ಹಲ್ಲನ್ನು ಎಲ್ಲ ಕಡೆಯಿಂದ ನೋಡಿ, ಇಲಾಖೆಯ ಆಕ್ಷೇಪಣೆ ಇಲ್ಲವೆಂದರು. ಅತ್ತೆ ಬೇಡವೆಂದು ತಲೆಯಲ್ಲಾಡಿಸಿದರು. ಮೆತ್ತಗೆ ಮಾಡಿದ್ದನ್ನು ಗೋಡೆಯ ಕಡೆ ತಿರುಗಿ ಎರಡು ತುತ್ತು ತಿನ್ನುತ್ತಿದ್ದರು. ಪಕ್ಕದಲ್ಲಿ ಮಗ ಸದ್ದು ಮಾಡುತ್ತ ಉಣ್ಣುತ್ತಿದ್ದರೂ ಬೈಯುತ್ತಿರಲಿಲ್ಲ. ಬೈಗುಳವಿಲ್ಲದೆ ಅವನಿಗೂ ಊಟ ಸೇರುತ್ತಿರಲಿಲ್ಲ.

ಗೋಡೆ ಒಣಗಲೆಂದು ಕಿಟಕಿ ಬಾಗಿಲು ತೆರೆದಿಟ್ಟರು. ಒಣಗಿ, ವೈರಿನ ಕೆಲಸದವನು ಬಂದು ನೋಡಿ ಸರಿಯೆನ್ನುವ ತನಕ ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಅವನು ಸರಿಯೆಂದ ದಿನ, ಲೈನ್‌ಮನ್ ಬರುವ ಮೊದಲು, ಹುಷಾರಪ್ಪ ಬಣ್ಣದ ಡಬ್ಬ, ಕುಂಚ ಹಿಡಿದು ಮೆಟ್ಟಿಲಿನ ಅಡಿಗೆ ಹೋದ. ಒಂದರ ಮೇಲೆ ‘ಮೇಲಿನ ಮನೆ’, ಇನ್ನೊಂದರ ಮೇಲೆ ‘ಕೆಳಗಿನ ಮನೆ’ ಎಂದು ಬರೆದ. ತಲೆಬುರುಡೆ ಬರೆಯಲಿಲ್ಲ. ಟೀಚರು ಬಂದು ಓದಿ, ಇಷ್ಟಕ್ಕೇ ಒಪ್ಪದೆ, ಲೈನ್‌ಮನ್ ತಂತಿ ಕೂಡಿಸಿದ ಮೇಲೆ ಒಂದೊಂದನ್ನೂ ಎಳೆಸಿ, ಯಾವ ಮನೆಯ ದೀಪ ಆರುತ್ತದೆಂದು ನೋಡಿಯೇ ಮೇಲೆ ಹೋದರು.

ಹುಷಾರಪ್ಪ ಕೈ ಒರೆಸಿಕೊಂಡು ಒಳಗೆ ಬಂದು, ಅತ್ತೆ ಕೂತಿದ್ದ ಮಂಚದ ಬಳಿ ನಿಂತ.

“ತಪ್ಪಾಯ್ತು ಅತ್ತೆ. ನೀವು ನನ್ನ ಮೇಲಿನ ಕೋಪಾನ ಹಲ್ಲಿನ ಮೇಲೆ ತೋರಿಸ್ಬೇಡಿ.”

ಅತ್ತೆ ಸೆರಗನ್ನು ಬಾಯಿಂದ ಸರಿಸಿ ಹೇಳಿದರು. “ನಿಮ್ಮ ಮೇಲಲ್ಲ ಅಳಿಯಂದ್ರೆ. ನೀವು ಬಾಯಿಬಿಟ್ಟು ಹೇಳಿದ್ರಿ, ಮುಗೀತು. ಒಂದು ಸೆಟ್ಟು ಹಲ್ಲಿಗೆ ಅಂತ ಮಗನ್ನ ಆ ನೀರಿಗೆ ಇಳಿಸ್ತಾ ಇದ್ನಲ್ಲ, ನಾನು. ಬಾಯಿಗಿಟ್ಟುಕೊಂಡ್ರೆ ಅದೇ ನೆನಪಾಗುತ್ತೆ.”

ಹುಷಾರಪ್ಪ ಹೋಗಿ ಲೋಟ ತಂದು ಅವರ ಪಕ್ಕದಲ್ಲಿಟ್ಟು, ತಾನೂ ಅಲ್ಲೇ ನೆಲದ ಮೇಲೆ ಕೂತ. ಇಬ್ಬರ ಕಣ್ಣಲ್ಲೂ ನೀರಿತ್ತು.

ಅಂದು ಸಂಜೆ ಮನೆಯಲ್ಲಿ ದೀಪ ಹತ್ತಿತು. ಹಾಸಿಗೆ ಇರಲಿಲ್ಲ, ಗೋಡೆಯ ಮೇಲೆ ನೀರು ನಿಂತ ಗೆರೆ ಹಾಗೇ ಇತ್ತು, ಬ್ಲೀಚಿನ ವಾಸನೆಗೆ ಕಣ್ಣುರಿಯುತ್ತಿತ್ತು. ಆದರೂ ಒಲೆ ಹೊತ್ತಿತು. ಎಲ್ಲರೂ ಬರಿ ನೆಲದ ಮೇಲೆ ಊಟಕ್ಕೆ ಕೂತರು. ಭಾವಮೈದುನ ಮೊದಲ ತುತ್ತು ಬಾಯಿಗಿಟ್ಟು ಎಂದಿನಂತೆ ಅಗಿಯತೊಡಗಿದ. ಅತ್ತೆ ಅವನ ಕಡೆ ನೋ‍ಡುತ್ತ ಕೂತರು. ಆಮೇಲೆ ಪಕ್ಕಕ್ಕೆ ತಿರುಗಿ, ಲೋಟಕ್ಕೆ ಕೈ ಹಾಕಿ, ಸೆರಗಿನ ಮರೆಯಲ್ಲಿ ಹಲ್ಲು ಹಾಕಿಕೊಂಡರು.

“ಸದ್ದು ಮಾಡ್ದೆ ತಿನ್ನೋ” ಎಂದರು.

ಭಾವಮೈದುನ ನಕ್ಕು ಇನ್ನೊಂದು ತುತ್ತು ದೊಡ್ಡದಾಗಿಯೇ ಹಾಕಿಕೊಂಡ. ಮಗಳು ತಾಯಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಒಲೆಯ ಮೇಲಿಂದ ಪಾತ್ರೆ ಇಳಿಸಿ ತಂದು, ಒಬ್ಬೊಬ್ಬರಿಗೇ ಬಡಿಸುತ್ತ ಬಂದು, ಗಂಡನ ತಟ್ಟೆಯ ಮುಂದೆ ಬಗ್ಗಿದಳು. ಅವನು ತಲೆ ತಗ್ಗಿಸಿಕೊಂಡೇ ತಟ್ಟೆಗೆ ಕೈ ಹಾಕಲು ಹೊರಟ.

“ಹುಷಾರು” ಎಂದಳು ಅವಳು. “ಬಿಸಿಯಿದೆ.”